ಇದ್ದದ್ದನ್ನೇ ಓದುವುದು

ಪರೀಕ್ಷೆಯ ಕೆಲಸ ಬಂದ ದಿನ ಪ್ರೆಸ್ಸಿನ ಬಾಗಿಲಿಗೆ ಒಳಗಿನಿಂದಲೇ ಬೀಗ ಬೀಳುತ್ತಿತ್ತು. ಬೆಳಿಗ್ಗೆ ಒಳಗೆ ಹೋದವರು ಪ್ರಶ್ನೆಪತ್ರಿಕೆಯ ಕಟ್ಟುಗಳಿಗೆ ಅರಗು ಬಿದ್ದು ಅವು ಗಾಡಿ ಏರುವ ತನಕ ಹೊರಗೆ ಕಾಲಿಡುವಂತಿಲ್ಲ. ಊಟ ಕಿಟಕಿಯ ಸರಳಿನ ಸಂದಿಯಿಂದ ಒಳಗೆ ಬರುತ್ತಿತ್ತು. ಖಾಲಿ ಡಬ್ಬಿ ಮಾತ್ರ ಸಂಜೆಯವರೆಗೆ ಅಲ್ಲೇ ಇರಬೇಕು. ಅದರೊಳಗೆ ಒಂದು ಚೀಟಿ ಹೊರಗೆ ಹೋದರೆ ಯಾರು ಜವಾಬ್ದಾರಿ? ಯಜಮಾನರು ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಓಡಾಡುತ್ತಿದ್ದರು.

"ಹಸುವಿಗೆ ಗಂಟೆ ಕಟ್ಟಿದ ಹಾಗಿದೆ, ಯಜಮಾನ್ರೆ," ಅಂದರು ಮೊಳೆ ಮಾವ.

ಅಚ್ಚಿನ ಮೊಳೆಗಳನ್ನು ಗೂಡಿನಿಂದ ಒಂದೊಂದಾಗಿ ಆಯ್ದು ಸಾಲು ಜೋಡಿಸುವುದು ಮೊಳೆ ಮಾವನ ಕೆಲಸ. ಇಂಗ್ಲಿಷಿನ ಅಕ್ಷರಗಳ ಗುರುತು ಅವರಿಗೆ ಕತ್ತಲಲ್ಲೂ ಸಿಕ್ಕೀತು, ಅರ್ಥದ ಗೊಡವೆಗೆ ಮಾತ್ರ ಅವರು ಹೋದವರಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು ಅಂತ ಯಜಮಾನರೂ ಹೇಳುತ್ತಿದ್ದರು.

ಮೊಳೆ ಜೋಡಿಸಿ ಮೊದಲ ಪ್ರೂಫು ತೆಗೆದ ಮೇಲೆ ಅದು ಓದುವ ಕೋಣೆಗೆ ಬರಬೇಕು. ಕೋಣೆ ಅಂದರೆ ಹಲಗೆಯ ಗೋಡೆ ಎಬ್ಬಿಸಿ ಮಾಡಿದ ಗೂಡು. ಒಂದು ಮೇಜು, ಎದುರುಬದುರಾಗಿ ಎರಡು ಕುರ್ಚಿ, ಮೇಜಿನ ನಡುವೆ ರಟ್ಟಿನ ಅಡ್ಡಗೋಡೆ. ಆಚೆ ಕೂತವಳು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದಬೇಕು, ಕಾಮಾ ಫುಲ್‌ಸ್ಟಾಪು ಸಮೇತ. ಈಚೆ ಕೂತವಳು ಪ್ರೂಫು ಮುಂದಿಟ್ಟುಕೊಂಡು, ಕಿವಿಗೆ ಬಿದ್ದದ್ದು ಕಣ್ಣಿಗೆ ಬೀಳದಿದ್ದರೆ ಅಲ್ಲಿ ಕೆಂಪು ಪೆನ್ಸಿಲ್ಲಿನ ಗುರುತು ಹಾಕಬೇಕು. ಓದುವವಳು ಪ್ರೂಫು ನೋಡಬಾರದು, ತಿದ್ದುವವಳು ಮೂಲ ನೋಡಬಾರದು. ಎರಡನ್ನೂ ಒಬ್ಬರೇ ನೋಡಿದರೆ ಕಣ್ಣು ತನಗೆ ಬೇಕಾದ್ದನ್ನು ನೋಡಿಬಿಡುತ್ತದೆ ಅಂತ ಯಜಮಾನರ ತಂದೆಯ ಕಾಲದಿಂದ ಬಂದ ಕಟ್ಟಳೆ ಅದು.

ಈಚೆ ಕೂರುವವಳು ಅತ್ತಿಗೆ. ಆಚೆ ಕೂರುವವಳು ಅವಳ ಗಂಡನ ತಂಗಿ. ಪ್ರೆಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅವರು ಅತ್ತಿಗೆ, ನಾದಿನಿ ಅಂತಲೇ ಆಗಿಹೋಗಿದ್ದರು. ಯಜಮಾನರು ಸಹ ಹಾಗೆಯೇ ಕೂಗುತ್ತಿದ್ದರು.

ನಾದಿನಿ ಈ ಕುರ್ಚಿಗೆ ಬಂದದ್ದು ಸುತ್ತುದಾರಿಯಲ್ಲಿ. ಇದೇ ಪ್ರೆಸ್ಸಿನ ಹಿಂದಿನ ಬೆಂಚಿನಲ್ಲಿ ವರ್ಷಗಟ್ಟಲೆ ಹಾಳೆ ಮಡಿಸಿದವಳು ಅವಳು. ಮಡಿಸಿ, ಮೂಳೆಯ ಪಟ್ಟಿಯಿಂದ ಗೆರೆ ಒತ್ತಿ, ಮತ್ತೆ ಮಡಿಸಿ, ಬಲಗೈ ಮಣಿಕಟ್ಟು ಒಂದು ದಿನ ನೀರಿನ ಲೋಟವನ್ನೂ ಹಿಡಿಯಲಾರೆ ಅಂದುಬಿಟ್ಟಿತು. ಇನ್ನು ಆ ಕೈಯಿಂದ ಮಡಿಸುವ ಕೆಲಸ ಮರೆತುಬಿಡಿ ಅಂದರು ಡಾಕ್ಟರು. ಅಷ್ಟರಲ್ಲಿ ಅವಳು ಸಂಜೆಯ ತರಗತಿಗೆ ಸೇರಿ ಇಂಗ್ಲಿಷು ಕಲಿತಿದ್ದಳು. ಮಕ್ಕಳು ಕೂರುವ ಬೆಂಚಿನಲ್ಲಿ ಮೊಣಕಾಲು ಮಡಿಸಲಾಗದೆ ಓರೆಯಾಗಿ ಕೂತು ಕಲಿತ ಇಂಗ್ಲಿಷು. ಅಲ್ಲಿನ ಟೀಚರಮ್ಮ ಬೋರ್ಡಿನ ಮೇಲೆ ತಪ್ಪು ವಾಕ್ಯ ಬರೆಯುತ್ತಿದ್ದರು, ಆದರೆ ಅದನ್ನು ಯಾರೂ ಬಾಯಲ್ಲಿ ತರುವಂತಿರಲಿಲ್ಲ. ಕಣ್ಣು ತಪ್ಪನ್ನು ನೋಡಲಿ, ನಾಲಗೆ ಸರಿಯಾದದ್ದನ್ನೇ ಆಡಲಿ, ಒಂದು ಸಲ ನಾಲಗೆಗೆ ಹತ್ತಿದ ತಪ್ಪು ಬಿಡುವುದಿಲ್ಲ ಅನ್ನುವುದು ಅವರ ಮತ. ಇಡೀ ತರಗತಿ ತಪ್ಪನ್ನು ನೋಡುತ್ತಾ ಸರಿಯನ್ನು ಕೂಗುತ್ತಿತ್ತು. ಅದರಲ್ಲಿ ನಾದಿನಿಯದೇ ದೊಡ್ಡ ಗಂಟಲು.

ಓದುವವಳ ಜಾಗ ಖಾಲಿಯಾದಾಗ ಅತ್ತಿಗೆ ಯಜಮಾನರ ಹತ್ತಿರ ಹೋಗಿ, ನನ್ನ ಜವಾಬ್ದಾರಿ, ಒಂದು ಸಲ ನೋಡಿ ಅಂದಿದ್ದಳು. ಯಜಮಾನರು ನೋಡುತ್ತಿದ್ದರು. ಈ ಪರೀಕ್ಷೆಯ ಕೆಲಸ ಸರಿಯಾಗಿ ದಾಟಿದರೆ ಕುರ್ಚಿ ನಾದಿನಿಯದು. ದಾಟದಿದ್ದರೆ ಬೆಂಚಿಗೆ ವಾಪಸು. ಬೆಂಚಿಗೆ ಹೋಗಲು ಕೈಯಿಲ್ಲ, ಅಂದರೆ ಮನೆಗೆ. ಅಣ್ಣನ ಮನೆಯಲ್ಲಿ ಕೂತು ಉಣ್ಣುವುದು ಅವಳಿಗೆ ಗಂಟಲಲ್ಲಿ ಇಳಿಯುವ ಮಾತಲ್ಲ.

ಆ ದಿನದ್ದು ಗುಮಾಸ್ತರ ಆಯ್ಕೆಯ ಇಂಗ್ಲಿಷ್ ಪರೀಕ್ಷೆ. ಒಂದೇ ಹಾಳೆ, ಎರಡು ಮಗ್ಗುಲು. ಪರೀಕ್ಷೆ ಮರುದಿನ ಬೆಳಿಗ್ಗೆಯೇ. ಪರೀಕ್ಷಾ ಕಚೇರಿಯವರು ಅಂಥ ಕೆಲಸವನ್ನು ಮೊದಲೇ ಕೊಟ್ಟು ಗುಟ್ಟು ಬಯಲಾಗಲು ಬಿಡುವವರಲ್ಲ.

ಬೆಳಗಿನ ಓದು ಸಲೀಸಾಗಿ ನಡೆಯಿತು. ಮೊದಲ ಮಗ್ಗುಲಲ್ಲಿ ಕೆಂಪು ಗುರುತು ಅಲ್ಲೊಂದು ಇಲ್ಲೊಂದು. ಎರಡನೆಯ ಮಗ್ಗುಲಿಗೆ ಬಂದಾಗ ಅತ್ತಿಗೆಯ ಪೆನ್ಸಿಲ್ಲಿಗೆ ಪುರುಸೊತ್ತೇ ಇಲ್ಲದಂತಾಯಿತು. ನಾದಿನಿಯ ದನಿ 'ಗೋಸ್' ಅನ್ನುತ್ತದೆ, ಪ್ರೂಫಿನಲ್ಲಿ 'ಗೋ' ಅಂತಿದೆ. ದನಿ 'ಡಸಂಟ್' ಅನ್ನುತ್ತದೆ, ಪ್ರೂಫಿನಲ್ಲಿ 'ಡೋಂಟ್'. ಅತ್ತಿಗೆ ಹಾಕುತ್ತಾ ಹೋದಳು. ಪ್ರೂಫು ನೋಡುವವರು ವಾಕ್ಯದ ಅರ್ಥಕ್ಕೆ ಹೋಗುವುದಿಲ್ಲ, ಅರ್ಥಕ್ಕೆ ಹೋದ ಕಣ್ಣು ಅಕ್ಷರವನ್ನು ಹಾರಿಬಿಡುತ್ತದೆ. ದನಿ, ಅಕ್ಷರ, ದನಿ, ಅಕ್ಷರ, ಅಷ್ಟೇ.

"ಮಾವ, ಇವತ್ತು ನಿಮ್ಮ ಮೊಳೆ ನಿದ್ದೆಗಣ್ಣಲ್ಲಿ ಕೂತಿವೆ," ಅಂತ ಹೇಳಿ ಅತ್ತಿಗೆ ಪ್ರೂಫು ಕೊಟ್ಟಳು.

ಮೊಳೆ ಮಾವ ಹಾಳೆಯನ್ನು ಮೂಗಿನ ಹತ್ತಿರ ತಂದು ನೋಡಿದರು. "ಇದ್ದದ್ದನ್ನೇ ಹಾಕಿದ್ದೆನಲ್ಲಮ್ಮ."

"ಕನ್ನಡಕ ಬದಲಾಯಿಸಿ ಮಾವ."

"ಕನ್ನಡಕ ಬದಲಾಯಿಸಿದ್ದೀನಿ. ಕಣ್ಣು ಬದಲಾಯಿಸೋದು ಬಾಕಿ," ಅಂದು ಗೊಣಗುತ್ತಾ ಚಿಮಟ ಹಿಡಿದು ತಿದ್ದಲು ಕೂತರು. ಮೂಲಪ್ರತಿ, ಕೆಂಪು ಪ್ರೂಫು ಎರಡೂ ಯಜಮಾನರ ಮೇಜಿನ ಖಾನೆ ಸೇರಿ ಬೀಗ ಬಿತ್ತು. ಮಿಷನ್ನು ತಿರುಗತೊಡಗಿತು.

ಮಧ್ಯಾಹ್ನದ ಊಟ ಮುಗಿದಿತ್ತು. ಅಚ್ಚಾದ ಹಾಳೆಗಳು ಒಣಗಿ ಮಡಿಸುವ ಬೆಂಚಿನ ಮೇಲೆ ರಾಶಿ ಬಿದ್ದಿದ್ದವು. ಮಸಿ ಹರಡಿ ಕೆಟ್ಟ ಹಾಳೆಗಳನ್ನು ಆರಿಸಿ ಸುಡಲು ಬೇರೆ ಇಡುವುದು ಅತ್ತಿಗೆಯ ಪಾಲಿಗೆ ಬಂತು. ಆರಿಸುತ್ತಾ ಆರಿಸುತ್ತಾ ಅವಳಿಗೆ ಸುಮ್ಮನೆ ಒಂದು ಆಸೆಯಾಯಿತು. ತಾನು ಈ ಪರೀಕ್ಷೆ ಬರೆದಿದ್ದರೆ ಎಷ್ಟು ಬರುತ್ತಿತ್ತೋ ನೋಡೋಣ ಅಂತ ಒಂದು ಕೆಟ್ಟ ಹಾಳೆ ತಿರುಗಿಸಿದಳು. 'ಕೆಳಗಿನ ಪ್ರತಿ ವಾಕ್ಯದಲ್ಲೂ ಒಂದು ತಪ್ಪಿದೆ. ಹುಡುಕಿ ಸರಿಪಡಿಸಿ' ಅನ್ನುವ ಸೂಚನೆ ಇಂಗ್ಲಿಷಿನಲ್ಲಿತ್ತು.

'ಹಿ ಗೋಸ್ ಟು ಆಫೀಸ್ ಎವೆರಿ ಡೇ.' ಇದರಲ್ಲಿ ತಪ್ಪು? ಸಿಗಲಿಲ್ಲ. ಹೋಗಲಿ ಅಂತ ಮುಂದಿನದಕ್ಕೆ ಹೋದಳು. 'ಶಿ ಡಸಂಟ್ ನೋ ಟೈಪಿಂಗ್.' ಅದೂ ಸರಿಯಾಗಿತ್ತು. 'ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಕ್ಲರ್ಕ್.' ಅದೂ ಸರಿ. 'ದಿ ಮ್ಯಾನೇಜರ್ ಡಿಡ್ ನಾಟ್ ಕಮ್ ಎಸ್ಟರ್ಡೇ.'

ಅಷ್ಟು ಹೊತ್ತಿಗೆ ಅವಳು ಓದುವುದನ್ನು ಬಿಟ್ಟು ಬರೀ ನೋಡುತ್ತಿದ್ದಳು. ಒಂದು ವಾಕ್ಯದಲ್ಲೂ ತಪ್ಪಿಲ್ಲ. ಪ್ರತಿ ವಾಕ್ಯದಲ್ಲೂ ತಪ್ಪಿದೆ ಅಂತ ಮೇಲೆ ಬರೆದಿದೆ. ಬೆಳಿಗ್ಗೆ ತಾನು ಎಲ್ಲಿ ಕೆಂಪು ಗುರುತು ಹಾಕಿದ್ದೆನೋ, ತಪ್ಪು ಇರಬೇಕಾದದ್ದು ಸರಿಯಾಗಿ ಅಲ್ಲೇ.

ಹಾಳೆ ಮಡಿಸಿ ಸೆರಗಿನಡಿ ಇಟ್ಟುಕೊಂಡು ಓದುವ ಕೋಣೆಗೆ ಹೋದಳು. ನಾದಿನಿ ಕುರ್ಚಿಯಲ್ಲಿ ಕೂತು ಎಡಗೈಯಿಂದ ಬಲ ಮಣಿಕಟ್ಟನ್ನು ತೀಡಿಕೊಳ್ಳುತ್ತಿದ್ದಳು.

"ಬೆಳಿಗ್ಗೆ ಎರಡನೇ ಮಗ್ಗುಲು ಓದಿದೆಯಲ್ಲ, ಇದ್ದದ್ದನ್ನೇ ಓದಿದೆಯಾ?"

"ಇನ್ನೇನು ಇಲ್ಲದ್ದನ್ನ ಓದ್ತಾರಾ ಅತ್ತಿಗೆ?"

"ತಮಾಷೆ ಬೇಡ. ಮೂಲದಲ್ಲಿ 'ಗೋಸ್' ಅಂತಿತ್ತಾ, 'ಗೋ' ಅಂತಿತ್ತಾ?"

"ಅದು ನೆನಪಿರುತ್ತಾ? ಏನಿತ್ತೋ ಅದನ್ನ ಓದಿದೆ."

ಅತ್ತಿಗೆ ಹಾಳೆ ಬಿಚ್ಚಿ ಮೇಜಿನ ಮೇಲಿಟ್ಟಳು. ನಾದಿನಿ ಸೂಚನೆ ಓದಿದಳು, ಕೆಳಗಿನ ವಾಕ್ಯಗಳ ಮೇಲೆ ಬೆರಳಾಡಿಸಿದಳು. ಮುಖದಲ್ಲಿದ್ದ ನಗು ಒಂದೊಂದೇ ವಾಕ್ಯಕ್ಕೆ ಇಳಿಯುತ್ತಾ ಬಂತು.

"ಇದು ನಾನಲ್ಲ ಅತ್ತಿಗೆ."

"ನಾನು ಕೇಳಿದ್ದನ್ನೇ ಹಾಕಿದ್ದೀನಿ."

"ನಿಮಗೆ ಇಂಗ್ಲಿಷು ಚೆನ್ನಾಗಿ ಬರುತ್ತೆ. ಕೈ ತಾನಾಗಿ ತಿದ್ದಿರಬೇಕು."

"ನನ್ನ ಕೈ ಇಷ್ಟು ವರ್ಷ ತಾನಾಗಿ ಏನೂ ಮಾಡಿಲ್ಲ."

"ನನ್ನ ಬಾಯಿ ಮಾಡಿದೆಯಾ ಹಾಗಾದ್ರೆ? ನನಗೆ ಕಣ್ಣಿಲ್ವಾ? ಗೋ ಅಂತಿದ್ದರೆ ಗೋ ಅಂತೀನಿ. ಅದನ್ನ ಗೋಸ್ ಅನ್ನೋಕೆ ನನಗೇನು ಹುಚ್ಚಾ?" ನಾದಿನಿಯ ದನಿ ಹಲಗೆ ಗೋಡೆ ದಾಟಿ ಹೋಗುತ್ತಿತ್ತು. "ಅತ್ತಿಗೆ, ಕುರ್ಚಿ ಹೋದರೆ ನನಗೆ ಏನುಳಿಯುತ್ತೆ ಅಂತ ನಿಮಗೆ ಗೊತ್ತು. ಗೊತ್ತಿದ್ದೂ ನನ್ನ ಮೇಲೆ ಹಾಕ್ತೀರಾ?"

ಅತ್ತಿಗೆ ಹಾಳೆಯನ್ನು ಮತ್ತೆ ಮಡಿಸಿದಳು. ಸುಮ್ಮನಿದ್ದುಬಿಟ್ಟರೆ ಸಂಜೆ ಗಾಡಿ ಬರುತ್ತದೆ, ಅರಗು ಬೀಳುತ್ತದೆ. ನಾಳೆ ಬೆಳಿಗ್ಗೆ ಎಷ್ಟೋ ಜನ, ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದವರು, ಸರಿಯಿರುವ ವಾಕ್ಯದಲ್ಲಿ ತಪ್ಪು ಹುಡುಕುತ್ತಾ ಬೆವರುತ್ತಾರೆ. ಕಡೆಗೆ ಎಲ್ಲಾದರೂ ಒಂದು ಸರಿಯನ್ನು ಕೆಡಿಸಿ ಬರೆದು ಹೋಗುತ್ತಾರೆ. ಯಜಮಾನರಿಗೆ ಹೇಳಿದರೆ ಇಬ್ಬರಲ್ಲಿ ಒಬ್ಬರ ಕುರ್ಚಿ ಹೋಗುವುದು ನಿಶ್ಚಯ. ಗುರುತೆಲ್ಲ ತನ್ನ ಕೈಯದು. ಬಾಯಿಂದ ಹೋದ ದನಿಗೆ ಗುರುತಿರುವುದಿಲ್ಲ.

"ಎದ್ದು ಬಾ," ಅಂದಳು. "ಯಜಮಾನರ ಹತ್ತಿರ ಹೋಗೋಣ."

ಯಜಮಾನರು ಹಾಳೆ ನೋಡಿದರು. ಖಾನೆ ತೆರೆದು ಮೂಲಪ್ರತಿ ತೆಗೆದರು. 'ಹಿ ಗೋ ಟು ಆಫೀಸ್.' ಪಕ್ಕದಲ್ಲಿ ಕೆಂಪು ಪ್ರೂಫು ಇಟ್ಟರು. ಮೊಳೆ ಮಾವ ಜೋಡಿಸಿದ್ದೂ 'ಗೋ'. ಅದರ ಮೇಲೆ ಅತ್ತಿಗೆಯ ಕೆಂಪು.

"ಮಿಷನ್ನು ನಿಲ್ಲಿಸು," ಅಂತ ಬಾಗಿಲಿನಿಂದ ಕೂಗಿದರು. ಸದ್ದು ನಿಂತ ಮೇಲೆ ಪ್ರೆಸ್ಸು ಬೇರೆಯೇ ಜಾಗದ ಹಾಗಾಯಿತು. ಮೊಳೆ ಮಾವ ಚಿಮಟ ಕೈಯಲ್ಲೇ ಹಿಡಿದು ಬಂದರು. ಮಿಷನ್ನಿನವನು ಕೈ ಒರೆಸಿಕೊಳ್ಳುತ್ತಾ ಹಿಂದೆ ನಿಂತ.

"ಅತ್ತಿಗೆ, ಇದು ನಿಮ್ಮ ಕೈ."

"ಕೈ ನನ್ನದೇ. ಕೇಳಿದ್ದನ್ನ ಹಾಕಿದೆ."

"ನೀನೇನಮ್ಮ ಹೇಳ್ತೀಯ?"

"ಇದ್ದದ್ದನ್ನೇ ಓದಿದೆ ಯಜಮಾನ್ರೆ. ಯಾರ ಮೇಲೆ ಬೇಕಾದರೂ ಆಣೆ ಮಾಡ್ತೀನಿ. ಅತ್ತಿಗೆ ಹೇಳ್ತಿರೋದು ಸುಳ್ಳು."

ಸುಳ್ಳು ಅನ್ನುವ ಮಾತು ಬಿದ್ದ ಮೇಲೆ ಅತ್ತಿಗೆ ಅವಳ ಕಡೆ ತಿರುಗಿ ಸಹ ನೋಡಲಿಲ್ಲ.

"ಈ ಕೆಲಸ ಕೆಟ್ಟರೆ ಪರೀಕ್ಷಾ ಕಚೇರಿಯವರು ಇನ್ನು ಈ ಬಾಗಿಲಿಗೆ ಬರಲ್ಲ," ಅಂದರು ಯಜಮಾನರು. ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಯಾರು ಮಾಡಿದ್ದು ಅಂತ ಗೊತ್ತಾಗದೆ ಇನ್ನೊಂದು ಸಲ ಮಾಡಿಸೋಕೆ ನನಗೆ ಧೈರ್ಯ ಇಲ್ಲ. ಮಾಡಿದವರು ಇನ್ನು ಆ ಕೋಣೆಗೆ ಕಾಲಿಡೋದು ಬೇಡ."

ಮೊಳೆ ಮಾವ ಗಂಟಲು ಸರಿಮಾಡಿಕೊಂಡರು.

"ಇನ್ನೊಂದು ಸಲ ಓದಿಸಿ ನೋಡಿ," ಅಂದರು. "ಇಲ್ಲೇ. ನಮಗೂ ಕೇಳಲಿ."

ಯಜಮಾನರು ಮೂಲಪ್ರತಿಯನ್ನು ನಾದಿನಿಯ ಕೈಗೆ ಕೊಟ್ಟು ಕೆಂಪು ಪ್ರೂಫನ್ನು ತಾವು ಹಿಡಿದರು. "ಬೆಳಿಗ್ಗೆ ಹೇಗೆ ಓದಿದೆಯೋ ಹಾಗೇ. ಅವಸರ ಇಲ್ಲ."

ನಾದಿನಿ ಹಾಳೆಯನ್ನು ಬೆಳಕಿಗೆ ಹಿಡಿದಳು. ಸಂಜೆಯ ತರಗತಿಯ ಆ ದೊಡ್ಡ ಗಂಟಲಲ್ಲಿ, ಒಂದೊಂದು ಪದಕ್ಕೂ ಜಾಗ ಕೊಟ್ಟು ಓದಿದಳು.

"ಹಿ ಗೋಸ್ ಟು ಆಫೀಸ್ ಎವೆರಿ ಡೇ, ಫುಲ್‌ಸ್ಟಾಪ್."

ಯಜಮಾನರು ತಲೆ ಎತ್ತಿದರು.

"ಶಿ ಡಸಂಟ್ ನೋ ಟೈಪಿಂಗ್, ಫುಲ್‌ಸ್ಟಾಪ್. ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಕ್ಲರ್ಕ್, ಫುಲ್‌ಸ್ಟಾಪ್."

ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ಮೊಳೆ ಮಾವನಿಗೆ ಅರ್ಥವಾಗದಿದ್ದರೂ ಯಜಮಾನರ ಮುಖ ಅರ್ಥವಾಯಿತು. ನಾದಿನಿ ಕೊನೆಯ ವಾಕ್ಯದವರೆಗೆ ಓದಿ, ನೋಡಿದಿರಾ ಅನ್ನುವ ಹಾಗೆ ಹಾಳೆ ಇಳಿಸಿದಳು. ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ.

"ಯಾಕೆ? ಏನಾಯ್ತು?"

"ಮೊದಲನೇದನ್ನ ಮತ್ತೆ ಓದು," ಅಂದರು ಯಜಮಾನರು. "ಪದದ ಕೆಳಗೆ ಬೆರಳಿಟ್ಟು."

"ಹಿ," ಬೆರಳು ಸರಿಯಿತು. "ಗೋ..." ಬೆರಳು ಅಲ್ಲೇ ನಿಂತಿತು. ಆ ಪದದ ಮುಂದೆ ಬರೀ ಬಿಳಿಯ ಜಾಗವಿತ್ತು. ಅವಳು ಅದನ್ನು ಉಗುರಿನಿಂದ ಕೆರೆದು ನೋಡಿದಳು, ಅಕ್ಷರ ಎಲ್ಲೋ ಅಳಿಸಿಹೋಗಿದೆಯೇನೋ ಅನ್ನುವ ಹಾಗೆ. ಮುಂದಿನ ವಾಕ್ಯಕ್ಕೆ ಹೋದಳು. ಡೋಂಟ್. ಅದರ ಮುಂದಿನದು. ಫ್ರೆಂಡ್.

"ನನಗೆ ಕಾಣಿಸಿತ್ತು," ಅಂದಳು. "ಗೋಸ್ ಅಂತಲೇ ಕಾಣಿಸಿತ್ತು."

ಹಿಂದಿನ ಸ್ಟೂಲಿನ ಮೇಲೆ ಕುಸಿದು ಕೂತಳು. ಟೀಚರಮ್ಮನ ಬೋರ್ಡಿನ ವಿಷಯ ಅವಳೇ ಹೇಳಿದಳು, ತುಂಡು ತುಂಡಾಗಿ. ತಪ್ಪನ್ನು ನೋಡುತ್ತಾ ಸರಿಯನ್ನು ಕೂಗಿದ್ದು, ಅದಕ್ಕೆ ಶಭಾಷ್ ಅನ್ನಿಸಿಕೊಂಡದ್ದು. ಹೇಳುವಾಗ ಅತ್ತಿಗೆಯ ಕಡೆ ನೋಡಲು ಅವಳಿಗೆ ಆಗುತ್ತಿರಲಿಲ್ಲ.

"ಕಲಿತದ್ದು ಜಾಸ್ತಿ ಆಯ್ತು," ಅಂದ ಮಿಷನ್ನಿನವನು. ಯಾರೂ ನಗಲಿಲ್ಲ. ಅವನು ಹೋಗಿ ಮಸಿ ಉರುಳೆ ಒರೆಸತೊಡಗಿದ.

ಯಜಮಾನರು ಗಡಿಯಾರ ನೋಡಿದರು. ಮೊದಲ ಮಗ್ಗುಲಿನ ಮೊಳೆ ಇನ್ನೂ ಬಿಚ್ಚಿರಲಿಲ್ಲ, ಅದೊಂದು ಪುಣ್ಯ. ಎರಡನೆಯದನ್ನು ಮತ್ತೆ ತಿದ್ದಬೇಕು, ಅಂದರೆ ತಪ್ಪುಗಳನ್ನು ಒಳಗೆ ವಾಪಸು ಕೂರಿಸಬೇಕು. ಮತ್ತೆ ಪ್ರೂಫು, ಮತ್ತೆ ಓದು, ಎರಡೂ ಮಗ್ಗುಲಿನ ಅಚ್ಚು ಮೊದಲಿನಿಂದ. ಅಷ್ಟರೊಳಗೆ ಗಾಡಿ ಬಂದಿರುತ್ತದೆ. ಫೋನು ಎತ್ತಿ, ಮಿಷನ್ನಿನ ಉರುಳೆ ಕೈಕೊಟ್ಟಿದೆ, ಸ್ವಲ್ಪ ತಡವಾಗಿ ಬನ್ನಿ ಅಂತ ಪರೀಕ್ಷಾ ಕಚೇರಿಗೆ ಹೇಳಿದರು. ಆ ಕಡೆಯವರು ಏನೋ ಅಂದರು. ಯಜಮಾನರು ಫೋನಿಗೇ ತಲೆ ಬಾಗಿಸಿ, ಇಲ್ಲ ಸಾರ್, ಖಂಡಿತ ಸಾರ್ ಅನ್ನುತ್ತಿದ್ದರು.

ಫೋನು ಇಟ್ಟ ಮೇಲೆ ಅತ್ತಿಗೆ ಕೇಳಿದಳು, "ಓದೋದು ಯಾರು?"

ಆ ಪ್ರಶ್ನೆ ಯಜಮಾನರ ತಲೆಯಲ್ಲೂ ಇತ್ತು. ಪ್ರೆಸ್ಸಿನ ಯಜಮಾನರೇ ಕೂತು ಓದುವಂತಿಲ್ಲ ಅಂತ ಕಚೇರಿಯ ಕರಾರು. ಬೀಗ ಬಿದ್ದ ಬಾಗಿಲಿನೊಳಗೆ ಇಂಗ್ಲಿಷು ಬರುವವರು ಯಜಮಾನರನ್ನು ಬಿಟ್ಟರೆ ಈ ಇಬ್ಬರೇ.

"ನೀವು ಓದಿ, ಅವಳು ತಿದ್ದಲಿ," ಅಂದರು ಅತ್ತಿಗೆಗೆ.

"ಬೇಡ," ಅಂದಳು ನಾದಿನಿ ಸ್ಟೂಲಿನಿಂದಲೇ. "ಪ್ರೂಫಿನಲ್ಲೂ ನನಗೆ ಸರಿಯೇ ಕಾಣುತ್ತೆ. ನಾನು ತಿದ್ದಿದರೆ ನಂಬಬೇಡಿ."

"ಮತ್ತೆ?"

ಅವಳು ಮೂಲಪ್ರತಿಯನ್ನೇ ನೋಡುತ್ತಾ ಕೂತಿದ್ದಳು. ಒಂದು ವಾಕ್ಯದ ಮೇಲೆ ಅಂಗೈ ಇಟ್ಟು ಮುಚ್ಚಿದಳು, ತೆಗೆದಳು, ಮತ್ತೆ ಮುಚ್ಚಿದಳು. "ವಾಕ್ಯ ಅಂತ ಕಂಡ ಕೂಡಲೇ ಬಾಯಿ ಮುಂದೆ ಓಡುತ್ತೆ ಯಜಮಾನ್ರೆ. ವಾಕ್ಯ ಕಾಣದ ಹಾಗೆ ಮಾಡಿದ್ರೆ?" ಕೆಟ್ಟ ಹಾಳೆಯೊಂದನ್ನು ಎಳೆದುಕೊಂಡು ಅಡ್ಡಲಾಗಿ ಮಡಿಸಿದಳು. ನೋವಿನ ಕೈಯಲ್ಲೂ ಮಡಿಕೆ ನೆಟ್ಟಗೆ ಬಂತು. ಅದನ್ನು ಸಾಲಿನ ಮೇಲಿಟ್ಟು ಬಲಗಡೆಯಿಂದ ಒಂದು ಪದದಷ್ಟೇ ಸರಿಸಿದಳು. "ಕೊನೆಯಿಂದ ಬರ್ತೀನಿ. ಒಂದು ಪದ, ಅದರ ಅಕ್ಷರ. ಆಮೇಲೆ ಅದರ ಹಿಂದಿನ ಪದ. ಸರಿ ಮಾಡೋಕೆ ಬಾಯಿಗೆ ಏನೂ ಸಿಗಲ್ಲ."

"ಎಷ್ಟು ಹೊತ್ತು ಬೇಕು ಅದಕ್ಕೆ?"

"ಹೊತ್ತು ಬೇಕು."

ಯಜಮಾನರು ಅತ್ತಿಗೆಯನ್ನು ನೋಡಿದರು. ಅವಳು ಬೇಡ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳು ಅನ್ನಿಸಿಕೊಂಡ ಕಿವಿ ಇನ್ನೂ ಬಿಸಿಯಾಗಿಯೇ ಇತ್ತು.

"ಕೇಳ್ತೀನಿ," ಅಂದಳು ಅತ್ತಿಗೆ. "ಒಂದು ಕಡೆ ತಡವರಿಸಿದರೂ ಮೊದಲಿಂದ."

ಮೊಳೆ ಮಾವ ಕೆಂಪು ಗುರುತನ್ನೆಲ್ಲ ಬಿಟ್ಟು ಅದರ ಅಡಿಯ ಅಚ್ಚನ್ನು ನೋಡಿಕೊಂಡು ಮತ್ತೆ ಮೊಳೆ ಕಿತ್ತು ಮೊಳೆ ಹಾಕಿದರು. "ಕೆಟ್ಟದ್ದನ್ನ ಒಳ್ಳೇದು ಮಾಡಿದಾಗ ಯಾರೂ ಗಡಿಯಾರ ನೋಡಲಿಲ್ಲ," ಅಂತ ಗೊಣಗಿಕೊಂಡರು. "ಒಳ್ಳೇದನ್ನ ಕೆಡಿಸೋಕೆ ಎಲ್ಲರಿಗೂ ಅವಸರ." ಗಾಬರಿಯಲ್ಲಿ ಒಂದು ಮೊಳೆ ಚಿಮಟದಿಂದ ಜಾರಿ ನೆಲದಲ್ಲಿ ಉರುಳಿತು. ಎಲ್ಲರೂ ಬಗ್ಗಿ ಹುಡುಕಿದರು. ಮಿಷನ್ನಿನವನ ಚಪ್ಪಲಿಯಡಿ ಸಿಕ್ಕಿತು.

ಹೊಸ ಪ್ರೂಫು ಹಸಿಯಾಗಿಯೇ ಓದುವ ಕೋಣೆಗೆ ಬಂತು. ಬಾಗಿಲು ಮುಚ್ಚಿದರು. ರಟ್ಟಿನ ಆಚೆಯಿಂದ ದನಿ ಬರತೊಡಗಿತು. ಬೆಳಗಿನ ದೊಡ್ಡ ದನಿಯಲ್ಲ, ಕತ್ತಲಲ್ಲಿ ಮೆಟ್ಟಿಲು ತಡಕುತ್ತಾ ಇಳಿಯುವವರ ದನಿ.

"ಫುಲ್‌ಸ್ಟಾಪ್. ಡೇ. ಡಿ, ಎ, ವೈ. ಎವೆರಿ. ಇ, ವಿ, ಇ, ಆರ್, ವೈ. ಆಫೀಸ್..." ಅಕ್ಷರ, ಅಕ್ಷರ. "ಟು. ಟಿ, ಓ." ಕಾಗದ ಸರಿದ ಸದ್ದು. ಆಮೇಲೆ ಏನೂ ಇಲ್ಲ.

ಅತ್ತಿಗೆಯ ಪೆನ್ಸಿಲ್ಲು ಕಾಗದದ ಮೇಲೆ ನಿಂತಿತ್ತು.

"ಜಿ," ಅಂದಿತು ದನಿ. "ಓ." ಉಸಿರು ಎಳೆದುಕೊಂಡ ಸದ್ದು. "ಅಷ್ಟೇ. ಗೋ. ಮುಂದೆ ಏನೂ ಇಲ್ಲ."

ಪ್ರೂಫಿನಲ್ಲೂ ಅಷ್ಟೇ ಇತ್ತು. ಅತ್ತಿಗೆ ಗುರುತು ಹಾಕಲಿಲ್ಲ. "ಹಿ," ಅಂತ ಮುಗಿಯಿತು ಮೊದಲ ವಾಕ್ಯ, ಅಲ್ಲ, ಅದು ವಾಕ್ಯವೇ ಆಗಲಿಲ್ಲ.

ಹಾಗೆಯೇ ಹೋದರು. 'ಕಮ್' ಅಂತ ಬರಬೇಕಾದ ಕಡೆ 'ಕೇಮ್' ಬಂತು. 'ಬಿಗ್ಗರ್' ಹಿಂದೆ ಇರಬಾರದ 'ಮೋರ್' ಬಂದು ಕೂತಿತು. 'ಮ್ಯಾಟರ್' ಆಯಿತು, 'ದಿ' ಆಯಿತು, ಪ್ರೂಫಿನಲ್ಲಿ ಅದರ ಹಿಂದೆ 'ಅಬೌಟ್' ಇತ್ತು. ಅಲ್ಲಿ ದನಿ ಸೀದಾ 'ಡಿಸ್ಕಸ್ಡ್'ಗೆ ಹೋಯಿತು.

"ನಿಲ್ಲು," ಅಂದಳು ಅತ್ತಿಗೆ.

"ಯಾಕೆ?"

"ಕಾಗದ ಜಾಸ್ತಿ ಸರಿಸಿದೀಯ."

ಆಚೆ ಕಡೆ ಕಾಗದದ ಸದ್ದು. "ಹೌದು. ಒಂದು ಪದ ನುಂಗಿದೆ." ದನಿ ಒಣಗಿತ್ತು. "ಅತ್ತಿಗೆ, ಆಗಲ್ಲ ನನ್ನಿಂದ. ಯಜಮಾನರನ್ನೇ ಕರೀರಿ."

ಹೊರಗೆ ಗಾಡಿಯೊಂದು ಬಂದು ನಿಂತ ಸದ್ದಾಯಿತು. ಬೇರೆ ಗಾಡಿ, ಹೊರಟುಹೋಯಿತು. ಇಬ್ಬರೂ ಅದು ಹೋಗುವ ತನಕ ಉಸಿರು ಬಿಗಿಹಿಡಿದಿದ್ದರು.

"ನೀರು ಕುಡಿ," ಅಂದಳು ಅತ್ತಿಗೆ. "ಕುಡಿದು ಮೊದಲಿಂದ ಓದು. ಮೊದಲಿಂದ ಅಂದರೆ ಕೊನೆಯಿಂದ."

ರಟ್ಟಿನ ಆಚೆ ನಗುವೋ ಬಿಕ್ಕೋ ಗೊತ್ತಾಗದ ಒಂದು ಸದ್ದು ಬಂತು. ಆಮೇಲೆ ಮತ್ತೆ, "ಫುಲ್‌ಸ್ಟಾಪ್."

ಎರಡನೆಯ ಸಲ ತಡೆಯಿಲ್ಲದೆ ಮುಗಿಯಿತು. ಮಿಷನ್ನು ಹೊರಟಿತು. ಬೆಂಚಿನವರು ಮಡಿಸಿದರು, ಯಜಮಾನರು ತೋಳು ಮಡಚಿ ತಾವೂ ಮಡಿಸಿದರು. ಕೆಟ್ಟ ಅಚ್ಚೆಲ್ಲ ಹಿಂದಿನ ಒಲೆಗೆ ಹೋಯಿತು. ಮಿಷನ್ನು ಇನ್ನೂ ಓಡುತ್ತಿರುವಾಗಲೇ ಬಾಗಿಲು ತಟ್ಟಿದರು.

ಪರೀಕ್ಷಾ ಕಚೇರಿಯಿಂದ ಬಂದವರು ಎತ್ತರದ ಮನುಷ್ಯ, ಕೈಯಲ್ಲಿ ಅರಗಿನ ಪೆಟ್ಟಿಗೆ. "ಉರುಳೆ ಸರಿಯಾಯ್ತಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಮೇಜಿನ ಮೇಲೆ ಕಚೇರಿಯ ಕಾಗದ ಹರಡಿದರು. ಮೂಲದಲ್ಲಿ ಇದ್ದದ್ದನ್ನೇ ಓದಿದ್ದೇನೆ ಅಂತ ಓದಿದವರು ಅದರ ಮೇಲೆ ಸಹಿ ಹಾಕಬೇಕು. ಹಾಕಿದ ಮೇಲೆ ತಪ್ಪು ಸಿಕ್ಕರೆ ಸಹಿಯವರನ್ನೇ ಕರೆಸಿ ಕೇಳುತ್ತಾರೆ.

ಯಜಮಾನರು ಪೆನ್ನನ್ನು ಅತ್ತಿಗೆಯ ಕಡೆ ಚಾಚಿದರು. ಅತ್ತಿಗೆ ಕೈ ಮುಂದೆ ಮಾಡಲಿಲ್ಲ.

"ಓದಿದವಳು ಅವಳು."

"ಅತ್ತಿಗೆ, ಇವತ್ತು ಬೇಡ," ಅಂದರು ಯಜಮಾನರು ಮೆಲ್ಲಗೆ.

"ನಾನು ಕೇಳಿದವಳು. ಓದಿದ್ದೀನಿ ಅಂತ ಹಾಕಿದರೆ ಅದು ಸುಳ್ಳಾಗುತ್ತೆ. ಒಂದು ದಿನಕ್ಕೆ ಒಂದೇ ಸಲ ಆ ಹೆಸರು ಸಾಕು ನನಗೆ."

ಎತ್ತರದ ಮನುಷ್ಯ ಇಬ್ಬರನ್ನೂ ನೋಡಿದರು. "ಯಾರಾದರೂ ಹಾಕಿ. ನನಗೆ ದೂರ ಹೋಗೋದಿದೆ."

ನಾದಿನಿ ಹತ್ತಿರ ಬಂದಳು. ಪೆನ್ನು ತೆಗೆದುಕೊಂಡಳು, ಆದರೆ ಬರೆಯಲಿಲ್ಲ. ಕಟ್ಟಿನಿಂದ ಅಚ್ಚಾದ ಒಂದು ಹಾಳೆ ಎಳೆದಳು. "ಇದು ಪ್ರೂಫಲ್ಲ, ಅಚ್ಚಾದದ್ದು. ಇದನ್ನ ನಾನು ಓದಿಲ್ಲ. ಓದದೆ ಹಾಕಲ್ಲ."

"ಈಗಲಾ?" ಅಂದರು ಎತ್ತರದವರು.

"ಈಗಲೇ ಸಾರ್."

ಯಜಮಾನರ ಮುಖ ಕೆಂಪಾಯಿತು. ಬೈದುಬಿಡುತ್ತಾರೆ ಅನ್ನಿಸಿತು. ಬೈಯಲಿಲ್ಲ, ತಾವೇ ಒಂದು ಕುರ್ಚಿ ಎಳೆದು ಆ ಮನುಷ್ಯನಿಗೆ ಕೊಟ್ಟು ಮೂಲಪ್ರತಿ ತಂದರು. ನಾದಿನಿ ನಿಂತುಕೊಂಡೇ, ಮಡಿಸಿದ ಕಾಗದ ಸರಿಸುತ್ತಾ, ಕೊನೆಯಿಂದ ಓದಿದಳು. ಅತ್ತಿಗೆ ಅಚ್ಚಾದ ಹಾಳೆ ಹಿಡಿದು ಕೇಳಿದಳು. ಎತ್ತರದ ಮನುಷ್ಯ ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ಅವಳ ಬೆರಳು ನೋಡತೊಡಗಿದರು. ಒಂದು ತಪ್ಪೂ ಹೆಚ್ಚಿರಲಿಲ್ಲ, ಒಂದೂ ಕಡಿಮೆಯಿರಲಿಲ್ಲ. ಎಲ್ಲ ತಪ್ಪುಗಳೂ ತಮ್ಮ ತಮ್ಮ ಜಾಗದಲ್ಲಿದ್ದವು. ಅವಳು ಸಹಿ ಹಾಕಿದಳು. ಬಲಗೈ ನೋಯುತ್ತಿದ್ದುದರಿಂದ ಸಹಿ ಸೊಟ್ಟಗೆ ಬಂತು.

ಅರಗಿನ ವಾಸನೆ ಕರಗುವ ಹೊತ್ತಿಗೆ ಗಾಡಿ ಹೋಗಿತ್ತು. ಯಜಮಾನರು ಕೊರಳಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲೆ ಹಾಕಿದರು.

"ನಾಳೆ ಸಹಕಾರ ಸಂಘದ ವರದಿ ಬರುತ್ತೆ. ಬೇಗ ಬನ್ನಿ."

"ನಾನು ಎಲ್ಲಿಗೆ ಬರಲಿ ಯಜಮಾನ್ರೆ?" ನಾದಿನಿ ಬಾಗಿಲ ಹತ್ತಿರವೇ ನಿಂತಿದ್ದಳು. "ಕೋಣೆಗೋ, ಬೆಂಚಿಗೋ? ಬೆಂಚಿಗಾದರೆ ಈಗಲೇ ಹೇಳಿಬಿಡಿ. ಆ ಕೈಯಲ್ಲಿ ಬರೋಕಾಗಲ್ಲ."

ಯಜಮಾನರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು. "ಮಧ್ಯಾಹ್ನ ನಿನ್ನ ಓದು ಕೇಳಿದಾಗ ಇನ್ನು ಸಾಕು ಅಂದುಕೊಂಡಿದ್ದೆ. ಈಗ ಆ ಮನುಷ್ಯನನ್ನ ಕೂರಿಸಿ ಓದಿದೆಯಲ್ಲ, ಅದನ್ನ ನಾನೂ ಮಾಡ್ತಿರಲಿಲ್ಲ." ಕನ್ನಡಕ ಹಾಕಿಕೊಂಡರು. "ಕೋಣೆಗೆ ಬಾ. ಕಾಯಂ ಮಾತು ಈಗ ಬೇಡ. ವರದಿ ಮುಗಿಯಲಿ, ಇನ್ನೊಂದು ಪರೀಕ್ಷೆ ಬರಲಿ. ಅಲ್ಲಿಯವರೆಗೆ ನನಗೂ ನಿದ್ದೆ ಇಲ್ಲ, ನಿನಗೂ ಇಲ್ಲ."

"ಆಗಲಿ," ಅಂದಳು.

ಬೀದಿಗೆ ಬಂದರು. ಅಂಗಡಿಗಳ ದೀಪ ಹತ್ತಿದ್ದವು. ಒಬ್ಬಾತ ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸುತ್ತಿದ್ದ. ಅತ್ತಿಗೆ ಎಂದಿಗಿಂತ ಜೋರಾಗಿ ನಡೆಯುತ್ತಿದ್ದಳು, ನಾದಿನಿ ಒಂದು ಹೆಜ್ಜೆ ಹಿಂದೆ.

"ಅತ್ತಿಗೆ, ಎಲ್ಲರ ಮುಂದೆ ನಿಮ್ಮನ್ನ ಸುಳ್ಳು ಹೇಳ್ತೀರಿ ಅಂದುಬಿಟ್ಟೆ."

"ಅಂದೆ."

"ನಿಜ ಅಂತಲೇ ಅಂದುಕೊಂಡು ಅಂದೆ."

"ಅದಕ್ಕೇ ಜಾಸ್ತಿ ನೋಯ್ತು. ಬೇಕಂತ ಅಂದಿದ್ದರೆ ವಾಪಸು ಎರಡು ಮಾತು ಬೈದು ಮುಗಿಸ್ತಿದ್ದೆ."

ತಿರುವು ಬಂತು. ಅಲ್ಲಿ ಅತ್ತಿಗೆ ನಿಂತು ಚೀಲವನ್ನು ಬಲ ಹೆಗಲಿನಿಂದ ಎಡಕ್ಕೆ ಬದಲಾಯಿಸಿದಳು. ನಾದಿನಿ ಚೀಲಕ್ಕೆ ಕೈ ಚಾಚಿದಳು.

"ಆ ಕೈಯಲ್ಲಿ ಬೇಡ. ಈ ಕಡೆ ಬಾ, ಎಡಗೈಯಲ್ಲಿ ಹಿಡಿ."

ಚೀಲದ ಒಂದು ಕಿವಿ ಅವಳು, ಇನ್ನೊಂದು ಇವಳು ಹಿಡಿದು ನಡೆದರು.

"ತಡವಾಯ್ತು. ಅಣ್ಣ ಕೇಳಿದರೆ ಏನು ಹೇಳೋದು?"

"ನೀನೇ ಹೇಳು," ಅಂದಳು ಅತ್ತಿಗೆ. "ಏನು ನಡೀತೋ ಅಷ್ಟನ್ನೂ ಹೇಳು. ನಾನು ಪಕ್ಕದಲ್ಲಿ ಕೂತು ಕೇಳ್ತಿರ್ತೀನಿ."